ಬೀಗದ ಕೈ ಕೊಟ್ಟ ಮೇಲೆ: ನನ್ನ ಅನುಭವ

ಬೀದಿಯಲ್ಲಿ ಅಲೆಯುವ ಮಾನಸಿಕ ಅಸ್ವಸ್ಥರ ನಡುವೆ ಸಮಾಜ ಕಾರ್ಯಕರ್ತೆಯಾಗಿ ಕೆಲಸ ಆರಂಭಿಸಿದಾಗ ಒಂದು ಕ್ರಮವನ್ನು ನಾನು ಪ್ರಶ್ನಿಸದೆ ಒಪ್ಪಿಕೊಂಡಿದ್ದೆ: ಮೊದಲು ಆಸ್ಪತ್ರೆಗೆ ಸೇರಿಸುವುದು, ಕಾಯಿಲೆ ಹತೋಟಿಗೆ ಬಂದ ಮೇಲೆ ವಿಳಾಸ ಹುಡುಕಿ ಕುಟುಂಬಕ್ಕೆ ಒಪ್ಪಿಸುವುದು. ಅನೇಕರಿಗೆ ಇದು ಸರಿಹೋಗುತ್ತದೆ. ಆದರೆ ಮನೆಯವರಿಗೆ ಬೇಡವಾದವರು, ಊರೇ ನೆನಪಿಲ್ಲದವರು, ತಾವಾಗಿಯೇ ಹಿಂದಿರುಗಲು ಒಲ್ಲದವರು ಗುಣಮುಖರಾದ ಮೇಲೂ ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿದುಬಿಡುತ್ತಿದ್ದರು.

ಹಾಗೆ ಉಳಿದಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಒಬ್ಬರನ್ನು ಒತ್ತಾಯಿಸಿ ಅವರ ಅಣ್ಣನ ಮನೆಗೆ ಕಳುಹಿಸಿದೆ. ಅವರು ಎರಡು ಸಲ ‘ಬೇಡಮ್ಮ’ ಎಂದಿದ್ದರು. ಅದನ್ನು ಕಾಯಿಲೆಯ ಮಾತೆಂದು ತಳ್ಳಿಹಾಕಿದ್ದೆ. ಮೂರು ತಿಂಗಳಾಗುವಷ್ಟರಲ್ಲಿ ಮಾತ್ರೆ ನಿಂತು, ಅವರು ಮತ್ತೆ ಬೀದಿಗೆ ಬಿದ್ದಿದ್ದರು. ಆ ತಪ್ಪು ಪೂರ್ತಿಯಾಗಿ ನನ್ನದು.

ಕುಟುಂಬವಿಲ್ಲ, ಕುಟುಂಬ ಒಪ್ಪುತ್ತಿಲ್ಲ, ಸೂರಿಲ್ಲ ಎಂಬ ಕಾರಣಕ್ಕಷ್ಟೇ ಯಾರನ್ನೂ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಉಳಿಸಿಕೊಳ್ಳಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಹಾಗಾದರೆ ಅವರು ಹೋಗುವುದಾದರೂ ಎಲ್ಲಿಗೆ? ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ 1993ರಲ್ಲಿ ಚೆನ್ನೈನಲ್ಲಿ ಆರಂಭಿಸಿದ ‘ದಿ ಬ್ಯಾನಿಯನ್’ ಸಂಸ್ಥೆಯು ‘ಹೋಮ್ ಅಗೇನ್’ ಹೆಸರಿನಲ್ಲಿ ಇಂಥವರಿಗೆ, ನಾಲ್ಕೈದು ಜನ ಒಟ್ಟಿಗೆ ಇರುವಂತೆ, ಎಲ್ಲರೂ ವಾಸಿಸುವ ಬಡಾವಣೆಗಳಲ್ಲೇ ಮನೆ ಮಾಡಿಕೊಟ್ಟಿತ್ತು. ಅದೇ ದಾರಿಯಲ್ಲಿ ನಾವೂ ನಾಲ್ವರು ಹೆಂಗಸರಿಗಾಗಿ ಒಂದು ಬಾಡಿಗೆ ಮನೆ ಹಿಡಿದೆವು. ವಿಷಯ ಮುಚ್ಚಿಡದೆ ಹೇಳಿದ್ದರಿಂದ ಹಲವು ಮಾಲೀಕರು ಬಾಗಿಲಲ್ಲೇ ಕೈಮುಗಿದರು. ಮುಚ್ಚಿಟ್ಟು ಹಿಡಿದ ಮನೆ ಮೊದಲ ಜಗಳಕ್ಕೇ ಕೈತಪ್ಪುತ್ತದೆಂದು ನಾನು ಹಟ ಬಿಡಲಿಲ್ಲ.

ಬೀದಿಯಿಂದ ಎರಡನೇ ಸಲ ಕರೆತಂದಿದ್ದ ಆ ಅಕ್ಕನಿಗೆ, ಈ ಬಾರಿ ಕೇಳಿ ಒಪ್ಪಿಗೆ ಪಡೆದು, ಮೊದಲ ಕೋಣೆ ಕೊಟ್ಟೆವು. ಬೀಗದ ಕೈ ಕೈಗಿತ್ತಾಗ ಅವರು ಹೊರಗೆ ನಿಂತು ಬೀಗ ಹಾಕಿದರು, ಜಗ್ಗಿ ನೋಡಿದರು, ತೆಗೆದು ಒಳಗಿಣುಕಿದರು, ಮತ್ತೆ ಹಾಕಿದರು. ಚಿಂದಿ ಬಟ್ಟೆ, ಕಾಗದ, ಖಾಲಿ ಡಬ್ಬಿಗಳಿದ್ದ ಅವರ ಗಂಟನ್ನು ಆಸ್ಪತ್ರೆಯಲ್ಲಿದ್ದಾಗ ಕೊಳಕೆಂದು ಎಸೆಯದೆ ಹೆಸರು ಬರೆದು ತೆಗೆದಿರಿಸಿದ್ದೆವು. ಮನೆಗೆ ಬಂದ ಮೇಲೂ ಅದನ್ನು ಕಂಕುಳಲ್ಲಿಟ್ಟುಕೊಂಡೇ ಊಟಕ್ಕೆ ಕೂರುತ್ತಿದ್ದರು. ಮೂರನೆಯ ವಾರ ಒಂದು ಬೆಳಿಗ್ಗೆ ಅದನ್ನು ಒಳಗಿಟ್ಟು, ಬೀಗ ಹಾಕಿ, ಬರಿಗೈಯಲ್ಲಿ ಗೇಟಿನವರೆಗೆ ನಡೆದು ಬಂದರು.

ಔಷಧಿಯ ಮಹತ್ವವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ತಿಂಗಳಿಗೊಮ್ಮೆ ಕೊಡುವ, ಮೈಯಲ್ಲಿ ನಿಧಾನವಾಗಿ ಕರಗುತ್ತಾ ಕೆಲಸ ಮಾಡುವ ಡಿಪೋ ಚುಚ್ಚುಮದ್ದು, ಕೈನಡುಕ ಕಂಡರೆ ಮನೋವೈದ್ಯರಿಗೆ ತಿಳಿಸುವುದು, ಸಕ್ಕರೆ ಮತ್ತು ತೂಕದ ಪರೀಕ್ಷೆ ಇವೆಲ್ಲ ತಪ್ಪದೆ ನಡೆಯಬೇಕು. ಅವನ್ನು ನೋಡಿಕೊಳ್ಳಲು ಮನೆಯಲ್ಲೇ ಒಬ್ಬ ಸಹಾಯಕಿ ಇರುತ್ತಾರೆ. ಆಧಾರ್, ಬ್ಯಾಂಕ್ ಖಾತೆ, ಅಂಗವಿಕಲರ ಪಿಂಚಣಿಗಾಗಿ ಅಲೆದದ್ದು ಬೇರೆಯೇ ಕಥೆ. ಆದರೆ ಅಡುಗೆ ಏನು, ದೀಪ ಆರಿಸುವುದು ಎಷ್ಟು ಹೊತ್ತಿಗೆ ಎಂಬುದನ್ನು ಅಲ್ಲಿರುವವರೇ ತೀರ್ಮಾನಿಸಬೇಕು. ಅದನ್ನೂ ನಾವೇ ಗೊತ್ತುಮಾಡಿದರೆ ಮನೆ ಇನ್ನೊಂದು ವಾರ್ಡಾಗುತ್ತದೆ.

ಪ್ರತಿಯೊಬ್ಬರಿಗೂ ಕಾಯಿಲೆ ಮರುಕಳಿಸುವ ಮುನ್ನ ಕಾಣುವ ಲಕ್ಷಣಗಳನ್ನು ಅವರ ಜತೆಯಲ್ಲೇ ಕೂತು ಬರೆದಿಟ್ಟಿದ್ದೇವೆ. ಅಕ್ಕನಿಗೆ ಮೊದಲು ಕೆಡುವುದು ನಿದ್ದೆ. ಕಳೆದ ಮಳೆಗಾಲದಲ್ಲಿ ಅವರೇ ಸಹಾಯಕಿಯ ಬಾಗಿಲು ತಟ್ಟಿ, ‘ಎರಡು ರಾತ್ರಿ ಕಣ್ಣು ಮುಚ್ಚಿಲ್ಲ, ಡಾಕ್ಟರಿಗೆ ಫೋನ್ ಮಾಡು’ ಎಂದರು. ಔಷಧಿಯ ಪ್ರಮಾಣ ಬದಲಾಯಿತು. ಸುಧಾರಿಸಲು ಹದಿನೈದು ದಿನ ಹಿಡಿಯಿತು. ಆ ಹದಿನೈದು ದಿನವೂ ಅವರು ತಮ್ಮ ಕೋಣೆಯಲ್ಲೇ ಇದ್ದರು.