ಬಸುರಿಯರ ವಾಕಿಂಗ್‌ಗೆ ಒಂದು ಸುಲಭದ ಅಳತೆ

ಬಸುರಿಯಾಗಿರುವವರು ಜೊತೆಗೊಬ್ಬರನ್ನು ಕರೆದುಕೊಂಡು, ಮಾತಾಡುತ್ತಲೇ ವಾಕಿಂಗ್ ಮಾಡಿ. ಒಂದು ಮಾತು ಮುಗಿಸುವಷ್ಟರಲ್ಲಿ ಏದುಸಿರು ಬಂದರೆ ವೇಗ ಜಾಸ್ತಿ ಆಯ್ತು ಅಂತ, ನಿಧಾನ ಮಾಡಿ. ಜೋರಾಗಿ ನಡೆದಷ್ಟೂ ಮೈಯೊಳಗೆ ಕಾವು ಏರುತ್ತದೆ. ಹೊಟ್ಟೆಯಲ್ಲಿರುವ ಮಗು ತಾನೇ ಬೆವರಿ ತಣ್ಣಗಾಗಲಾರದು, ಅದರ ಕಾವೂ ತಾಯಿಯ ಮೈಯಿಂದಲೇ ಹೊರಹೋಗಬೇಕು ಅಲ್ವಾ? ಮೊದಲ 3 ತಿಂಗಳಲ್ಲಂತೂ ಒಳಗಿನ ಕಾವು 39 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಬೇಕು. ಆದರೆ ಸೆಕೆ ಇರುವ ದಿನ ಈ ಮಾತಿನ ಅಳತೆ ಕೈಕೊಡುತ್ತದೆ. ಬೆವರು ಆರದೆ ರವಿಕೆ ಬೆನ್ನಿಗೆ ಅಂಟಿದ್ದರೆ, ಮಾತು ಸಲೀಸಾಗಿದ್ದರೂ ಮೈ ಕಾಯುತ್ತಲೇ ಇರುತ್ತದೆ. ಏಪ್ರಿಲ್‌ನಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತುವವರು ಬಿಸಿಲೇರುವ ಮೊದಲೇ ಮುಗಿಸಿಬಿಡಿ, ನೀರಿನ ಬಾಟಲಿ ಮರೆಯಬೇಡಿ. ಜ್ವರ ಇದ್ದ ದಿನ ಹೋಗಲೇಬೇಡಿ. ತಲೆ ಸುತ್ತಿದರೆ, ರಕ್ತ ಕಂಡರೆ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.