ಕಾಗದದ ಮೇಲೆ ಇಂಗಿದ ನೀರು

ಮಳೆತೋಟವೆಂದರೆ ಚಾವಣಿಯ ಮಳೆನೀರನ್ನು ತಡೆದು ನೆಲಕ್ಕೆ ಇಂಗಿಸುವ, ತಗ್ಗಾದ ಗಿಡದ ಪಾತಿ. ನನ್ನ ಮೊದಲ ಲೆಕ್ಕದ ಮಾದರಿಯಲ್ಲಿ ಅದರಿಂದ ಒಂದು ಹನಿಯೂ ಹೊರಗೆ ಹರಿಯಲಿಲ್ಲ. ಸಂಶಯ ಬರಬೇಕಾದದ್ದು ಆಗಲೇ. ನನಗೆ ಬಂದದ್ದು ಖುಷಿ.

ಲೆಕ್ಕ ಹೀಗಿತ್ತು. 100 ಚದರ ಮೀಟರ್ ಚಾವಣಿಯ ನೀರು 10 ಚದರ ಮೀಟರ್ ತೋಟಕ್ಕೆ. ತೋಟದ ತಗ್ಗು 15 ಸೆಂ.ಮೀ. ಆಳ, ಎಂದರೆ 1,500 ಲೀಟರ್ ನಿಲ್ಲುವಷ್ಟು. ಒಂದು ಗಂಟೆಯಲ್ಲಿ 20 ಮಿ.ಮೀ. ಮಳೆಯಾದರೆ, ತೋಟದ ಮೇಲೆ ನೇರವಾಗಿ ಬಿದ್ದದ್ದೂ ಸೇರಿ ಬರುವುದು 2,200 ಲೀಟರ್. ಮರಳು ಬೆರೆಸಿದ ಮಣ್ಣಲ್ಲವೇ ಎಂದು ಕೋಷ್ಟಕ ನೋಡಿ, ಗಂಟೆಗೆ 100 ಮಿ.ಮೀ. ಇಂಗುತ್ತದೆ ಎಂದು ಬರೆದುಕೊಂಡೆ. ಸಾವಿರ ಲೀಟರ್ ನೆಲಕ್ಕೆ, ಉಳಿದದ್ದು ತಗ್ಗಿಗೆ. ಮುಗಿಯಿತು.

ಹೆಚ್ಚುಕಡಿಮೆ ಅಷ್ಟೇ ಮಳೆ ಸುರಿದ ದಿನ ನೀರು ಅಂಚು ಮೀರಿ ರಸ್ತೆಗಿಳಿಯಿತು.

ಮಳೆ ನಿಂತು ನೆಲ ಒಣಗಿದ ಮೇಲೆ, ಒಂದರೊಳಗೊಂದು ಎರಡು ಲೋಹದ ಉಂಗುರಗಳನ್ನು ಮಣ್ಣಿಗೆ ಬಡಿದು ನೀರು ತುಂಬಿದೆ. ಒಳಗಿನ ನೀರು ಪಕ್ಕಕ್ಕೆ ಹರಡದಂತೆ ಹೊರಗಿನ ಉಂಗುರ ತಡೆಯುತ್ತದೆ. ಮೊದಲ ಸಲ ಮಟ್ಟ ಸರಸರನೆ ಇಳಿಯಿತು. ಬಾಯಾರಿದ ಮಣ್ಣು ಯಾವಾಗಲೂ ಹೀಗೆ ಮೋಸ ಮಾಡುತ್ತದೆ. ಮತ್ತೆ ಮತ್ತೆ ತುಂಬುತ್ತಾ ಕುಳಿತಾಗ ಕೊನೆಗೆ ನಿಂತ ಸಂಖ್ಯೆ ಗಂಟೆಗೆ 20 ಮಿ.ಮೀ. ಗುಂಡಿ ತೋಡಿದ ಯಂತ್ರ ಒದ್ದೆ ನೆಲದ ಮೇಲೆ ಹಿಂದೆ ಮುಂದೆ ಓಡಾಡಿ ಮಣ್ಣಿನ ರಂಧ್ರಗಳನ್ನೆಲ್ಲ ಅದುಮಿಬಿಟ್ಟಿತ್ತು. ಅದನ್ನು ನಿಂತು ನೋಡಿದವನೂ ನಾನೇ.

ಮಾದರಿಯಲ್ಲಿ ಈ ಹೊಸ ಅಂಕಿಯಿಟ್ಟಾಗ 500 ಲೀಟರ್ ಉಕ್ಕಿ ಹರಿಯಿತು. ನಿಜದಲ್ಲಿ ಇನ್ನೂ ಹೆಚ್ಚು, ಏಕೆಂದರೆ ಆ ಮಳೆ ಗಂಟೆಯುದ್ದಕ್ಕೂ ಸಮನಾಗಿ ಬಂದಿರಲಿಲ್ಲ. ಇಪ್ಪತ್ತೇ ನಿಮಿಷದಲ್ಲಿ ಸುರಿದು ಹೋಗಿತ್ತು. ಅಷ್ಟರಲ್ಲಿ ಇಂಗುವುದು ಸುಮಾರು 67 ಲೀಟರ್ ಮಾತ್ರ. ಗಂಟೆಯ ಸರಾಸರಿ ಬಿಟ್ಟು ಐದು ನಿಮಿಷದ ಮಳೆ ಅಂಕಿಗಳಿಗೆ ಬದಲಾಯಿಸಿದೆ.

ಆಮೇಲೆ ಸ್ಥಿರ ದರವನ್ನೂ ಕೈಬಿಟ್ಟು 1911ರ ಗ್ರೀನ್-ಆಂಪ್ಟ್ ಸಮೀಕರಣ ಹಾಕಿದೆ. ಒಣ ಮಣ್ಣು ಮೊದಲು ಬೇಗ ಹೀರಿ, ನೆನೆದಂತೆ ನಿಧಾನವಾಗುವುದು ಅದರಲ್ಲಿ ಸಿಗುತ್ತದೆ. ಆದರೆ ಮಳೆಗೆ ಮುಂಚೆ ಮಣ್ಣಿನಲ್ಲಿ ಎಷ್ಟು ತೇವವಿತ್ತು ಎಂಬುದನ್ನು ನಾವೇ ಹೇಳಬೇಕು. ತುಂಬಿದ ತಗ್ಗು ಬರಿದಾಗಲು ಏಳೂವರೆ ಗಂಟೆ ಬೇಕು. ಅದರೊಳಗೆ ಇನ್ನೊಂದು ಮಳೆ ಬಂದರೆ ತೋಟವಿದ್ದೂ ಇಲ್ಲದಂತೆಯೇ. ಹಾಗಾಗಿ ಮಾದರಿಯಲ್ಲಿ ಒಂದೊಂದೇ ಮಳೆಯನ್ನು ಓಡಿಸುವುದನ್ನು ನಿಲ್ಲಿಸಿ ಇಡೀ ಮಳೆಗಾಲವನ್ನು ಸತತವಾಗಿ ಓಡಿಸುತ್ತೇನೆ.

ಈಗ ತಗ್ಗಿನಲ್ಲೊಂದು ಅಳತೆಪಟ್ಟಿ ನೆಟ್ಟಿದ್ದೇನೆ. ಕಳೆದ ಸಲ ಬರಿದಾಗಲು ಹತ್ತು ಗಂಟೆ ಹಿಡಿಯಿತು. ನೀರು ಒಳಬರುವ ಬಾಯಿಯ ಬಳಿ ಬೆರಳು ದಪ್ಪ ಹೂಳು ಕೂತಿತ್ತು. ಕೆರೆದು ತೆಗೆದಿದ್ದೇನೆ, ಉಂಗುರಗಳನ್ನು ಮತ್ತೆ ಬಡಿಯಬೇಕು.