ಗುಜರಿ ಸರ್ವೋಗಳಿಗೊಂದು ಗಟ್ಟಿಮುಟ್ಟಾದ ಬೋರ್ಡ್

ಹಾಳಾದ ಆಟಿಕೆ ವಿಮಾನ, ಮೂಲೆಗೆ ಬಿದ್ದ ರೋಬೋ ಕೈಗಳಿಂದ ಬಿಚ್ಚಿದ ಆರು ಎಸ್‌ಜಿ90 ಸರ್ವೋಗಳಿವೆ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಪುಟ್ಟ ಮೋಟಾರ್‌ಗಳು) ಎಂದುಕೊಳ್ಳಿ. ಅವಕ್ಕೆ ಸಿಗ್ನಲ್ ಕೊಡುವುದು ಸುಲಭ, ಕೈಕೊಡುವುದು ಕರೆಂಟ್. ಹಾಗಾಗಿ ಅವನ್ನು ನಡೆಸಲು ನಾವು ಮಾಡುವ ಈ ಬೋರ್ಡಿನ ಮುಖ್ಯ ಕೆಲಸವೇ ಕರೆಂಟಿಗೆ ಅಗಲವಾದ ದಾರಿ ಮಾಡಿಕೊಡುವುದು.

ಮೊದಲು ಪವರ್ ಕೊಡದೆ ಪ್ರತಿ ಸರ್ವೋದ ಹಾರ್ನ್ ಅನ್ನು (ಮೇಲಿನ ಅಚ್ಚಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ತೋಳು) ಮೆಲ್ಲಗೆ ತಿರುಗಿಸಿ. ನಡುವೆ ಕಟಕ್ ಎಂದು ಜಾರಿದರೆ ಗೇರಿನ ಹಲ್ಲು ಮುರಿದಿದೆ, ಅದನ್ನು ಬದಿಗಿಡಿ. ವೈರುಗಳಲ್ಲಿ ಕಂದು ಗ್ರೌಂಡ್, ಕೆಂಪು ಪ್ಲಸ್, ಕಿತ್ತಳೆ ಸಿಗ್ನಲ್. ಬಣ್ಣ ಬೇರೆಯಿದ್ದರೆ ಊಹಿಸಬೇಡಿ. ಕೆಲವು ಹಳೆಯ ಸರ್ವೋಗಳಲ್ಲಿ ವೈರಿನ ಕ್ರಮವೇ ಬೇರೆ.

ಬೇಕಾಗುವ ಸಾಮಾನು: ಆರ್ಡುಯಿನೋ ನ್ಯಾನೋ (ಕೋಡ್ ಓಡಿಸುವ ಪುಟ್ಟ ಬೋರ್ಡ್) 1, ಝೀರೋ ಪಿಸಿಬಿ (ತೂತುಗಳ ಖಾಲಿ ಬೋರ್ಡ್) 1, ಮೂರು ಪಿನ್ನಿನ ಹೆಡರ್ (ಸರ್ವೋ ವೈರು ಸಿಕ್ಕಿಸುವ ಪಿನ್ ಸಾಲು) 6, 330 ಓಮ್ ಮತ್ತು 10 ಕಿಲೋ ಓಮ್ ರೆಸಿಸ್ಟರ್ ತಲಾ 6, 1000 ಮೈಕ್ರೋಫ್ಯಾರಡ್ 16 ವೋಲ್ಟ್ ಕೆಪಾಸಿಟರ್ 1, ಸ್ಕ್ರೂ ಟರ್ಮಿನಲ್ 1, 5 ವೋಲ್ಟ್ 5 ಆಂಪಿಯರ್ ಎಸ್‌ಎಂಪಿಎಸ್ (ಪವರ್ ಸಪ್ಲೈ). ಬೆಂಗಳೂರಿನವರಿಗೆ ಇವೆಲ್ಲ ಎಸ್‌.ಪಿ. ರಸ್ತೆಯಲ್ಲೇ ಸಿಗುತ್ತವೆ. 5 ಆಂಪಿಯರ್ ಏಕೆಂದರೆ, ಸಿಕ್ಕಿಕೊಂಡು ನಿಂತ ಒಂದು ಎಸ್‌ಜಿ90 ಸುಮಾರು 0.7 ಆಂಪಿಯರ್ ಎಳೆಯುತ್ತದೆ. ಆರೂ ಒಟ್ಟಿಗೆ ನಿಂತರೆ 4.2.

ಹೆಡರ್‌ಗಳನ್ನು ಸಾಲಾಗಿ ಬೆಸೆಯಿರಿ. ಹಿಂಬದಿಯಲ್ಲಿ ಪ್ಲಸ್ ಮತ್ತು ಗ್ರೌಂಡ್ ಸಾಲುಗಳ ಉದ್ದಕ್ಕೂ ಸಿಪ್ಪೆ ಸುಲಿದ 1 ಚದರ ಮಿ.ಮೀ. ತಾಮ್ರದ ತಂತಿ ಮಲಗಿಸಿ, ಪ್ರತಿ ಪಿನ್ನಿಗೂ ಬೆಸುಗೆ ಹಾಕಿ. ಬರೀ ಸೀಸ ಎಳೆದು ದಾರಿ ಮಾಡಿದರೆ ಕೊನೆಯ ಸರ್ವೋಗೆ ವೋಲ್ಟೇಜ್ ಕುಸಿಯುತ್ತದೆ. ಎಸ್‌ಎಂಪಿಎಸ್ ವೈರು ಬಂದು ಸೇರುವ ಸ್ಕ್ರೂ ಟರ್ಮಿನಲ್ ಪಕ್ಕದಲ್ಲೇ ಕೆಪಾಸಿಟರ್ ಇರಲಿ. ಪಟ್ಟಿಯಿರುವ ಕಾಲು ಗ್ರೌಂಡಿಗೆ. ತಿರುಗಾಮುರುಗಾ ಆದರೆ ಸಿಡಿಯಬಹುದು. ನ್ಯಾನೋದ ಡಿ3ರಿಂದ ಡಿ8ರವರೆಗಿನ ಪಿನ್‌ಗಳಿಂದ 330 ಓಮ್ ದಾಟಿಸಿ ಸಿಗ್ನಲ್ ಕೊಡಿ. ಅದೇ ಪಿನ್‌ಗಳಿಂದ ಗ್ರೌಂಡಿಗೆ 10 ಕಿಲೋ ಓಮ್ ಹಾಕಿ. ಇದಿಲ್ಲದಿದ್ದರೆ ನ್ಯಾನೋ ಎಚ್ಚರಾಗುವಷ್ಟರಲ್ಲಿ ಸರ್ವೋಗಳು ಬೆಚ್ಚಿಬೀಳುತ್ತವೆ.

ನ್ಯಾನೋಗೆ ಯುಎಸ್‌ಬಿಯಿಂದಲೇ ಪವರ್ ಕೊಡಿ. ಅದರ 5 ವೋಲ್ಟ್ ಪಿನ್ನನ್ನು ಸರ್ವೋ ಪ್ಲಸ್‌ಗೆ ಸೇರಿಸಬೇಡಿ, ಗ್ರೌಂಡನ್ನು ಮಾತ್ರ ತಪ್ಪದೆ ಸೇರಿಸಿ. ಸರ್ವೋಗಳು ನ್ಯಾನೋ ಮೂಲಕ ಕರೆಂಟ್ ಎಳೆದರೆ ಅದು ಪದೇ ಪದೇ ರೀಸೆಟ್ ಆಗುತ್ತದೆ. ಎಷ್ಟೋ ಜನ ಇದನ್ನು ಕೋಡಿನ ತಪ್ಪೆಂದು ದಿನಗಟ್ಟಲೆ ಹುಡುಕುತ್ತಾರೆ. ಗ್ರೌಂಡ್ ಸೇರದಿದ್ದರೆ ಸರ್ವೋ ಹೇಳಿದ ಮಾತೇ ಕೇಳುವುದಿಲ್ಲ.

ಸರ್ವೋ ಸಿಕ್ಕಿಸುವ ಮುನ್ನ ಮಲ್ಟಿಮೀಟರ್‌ನಿಂದ ಪ್ಲಸ್–ಗ್ರೌಂಡ್ ನಡುವೆ ಶಾರ್ಟ್ ಇದೆಯೇ ನೋಡಿ. ಕೆಪಾಸಿಟರ್‌ನಿಂದಾಗಿ ಒಂದು ಕ್ಷಣ ಬೀಪ್ ಬಂದು ನಿಂತರೆ ಸರಿ, ನಿಲ್ಲದಿದ್ದರೆ ಬೆಸುಗೆ ಎಲ್ಲೋ ಅಂಟಿಕೊಂಡಿದೆ.

ಆಮೇಲೆ ಒಂದೊಂದೇ ಸರ್ವೋ ಹಚ್ಚಿ, 1500 ಮೈಕ್ರೋಸೆಕೆಂಡ್ ಪಲ್ಸ್ ಕೊಟ್ಟು ನಡುವಿಗೆ ತನ್ನಿ. ಅಲ್ಲಿಂದ ಎರಡೂ ಕಡೆಗೆ 50 ಮೈಕ್ರೋಸೆಕೆಂಡಿನಂತೆ ಸರಿಸುತ್ತ ಹೋಗಿ. ಗುಂಯ್ ಎಂದು ಮುಲುಗಿದಲ್ಲಿ 50 ಹಿಂದೆ ಬನ್ನಿ. ಅದೇ ಅದರ ಮಿತಿ. ಗುಜರಿ ಮಾಲಿನಲ್ಲಿ ಒಂದರ ಮಿತಿ ಇನ್ನೊಂದಕ್ಕಿರುವುದಿಲ್ಲ, ಆಯಾ ಸರ್ವೋ ಮೇಲೇ ಚೀಟಿ ಅಂಟಿಸಿ. ಆರೂ ಒಟ್ಟಿಗೆ ಕರೆಂಟ್ ಎಳೆಯದಂತೆ ಕೋಡಿನಲ್ಲಿ ಅವನ್ನು 200 ಮಿಲಿಸೆಕೆಂಡ್ ಅಂತರದಲ್ಲಿ ಎಬ್ಬಿಸಿ.

ಒಂದೇ ಜಾಗದಲ್ಲಿ ನಡುಗುವ ಸರ್ವೋದೊಳಗಿನ ಪೊಟೆನ್ಶಿಯೋಮೀಟರ್‌ಗೆ (ಎಷ್ಟು ತಿರುಗಿದೆಯೆಂದು ಅಳೆಯುವ ಭಾಗ) ಹೆಚ್ಚಾಗಿ ಕೊಳೆ ಹಿಡಿದಿರುತ್ತದೆ. ಕೆಳಗಿನ ನಾಲ್ಕು ಉದ್ದ ಸ್ಕ್ರೂ ತೆಗೆದರೆ ಮೇಲಿನ ಮುಚ್ಚಳವೂ ಸಡಿಲವಾಗಿ ಗೇರುಗಳು ಉದುರುತ್ತವೆ. ಆದ್ದರಿಂದ ಮೇಲ್ಭಾಗವನ್ನು ಟೇಪಿನಿಂದ ಬಿಗಿದೇ ಬಿಚ್ಚಿ. ಪೊಟೆನ್ಶಿಯೋಮೀಟರ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದು ಹನಿ ಬಿಟ್ಟು ಹಾರ್ನ್ ಅನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿ. ಆಮೇಲೂ ನಡುಗಿದರೆ ಒಳಗಿನ ಪಟ್ಟಿ ಸವೆದಿದೆ. ಅದರ ಗೇರುಗಳನ್ನು ಮೊದಲು ಬದಿಗಿಟ್ಟ ಸರ್ವೋಗೆ ಹಾಕಿ.